ಏರುತ್ತಿದ್ದ ಷಡ್ಜ

ಮೂರನೆಯ ಹಾಡಿಗೆ ಬರುವಷ್ಟರಲ್ಲಿ ಜಯಮಾಲಾಳ ಶ್ರುತಿ ಇಳಿಯುತ್ತದೆ ಎಂಬ ಮಾತು ಬಸವಕಲ್ಯಾಣದ ಆರ್ಕೆಸ್ಟ್ರಾದವರಲ್ಲೆಲ್ಲ ಹಬ್ಬಿತ್ತು. ತಂಡದ ಯಜಮಾನ ಗಯಾಸುದ್ದೀನ್ ಅವಳಿಗೆ ಮೊದಲಿನ ಭಕ್ತಿಗೀತೆಗಳನ್ನಷ್ಟೇ ಉಳಿಸಿ, ಮಿಕ್ಕವನ್ನು ಪೂನಂ ಎಂಬ ಹೊಸ ಗಾಯಕಿಗೆ ಕೊಟ್ಟ. ೧೯೯೭ರ ಬೇಸಿಗೆ, ಮದುವೆಗಳ ಸುಗ್ಗಿ.

ಜಯಮಾಲಾ ಅಳಲಿಲ್ಲ. ತನ್ನ ಸರದಿ ಮುಗಿಸಿ ವೇದಿಕೆಯ ಪಕ್ಕ ಕೂತು ಕೇಳಿದಳು. ಸ್ವಲ್ಪ ಹೊತ್ತಿಗೆ ಪೂನಂಳ ಸ್ವರವೂ ಇಳಿದಂತೆ ಕೇಳತೊಡಗಿತು. ಇಬ್ಬರ ಗಂಟಲೂ ಒಂದೇ ರೀತಿ ಕೆಡುವುದು ಹೇಗೆ?

ಮರುದಿನ ಅವಳು ಹಾರ್ಮೋನಿಯಂ ಎತ್ತಿಕೊಂಡು ಗಯಾಸುದ್ದೀನನ ಮನೆಗೆ ಹೋದಳು.

"ಭಾಯಿ, ನಿಮ್ಮ ಸಿಂಥಸೈಜರ್ ಚಾಲೂ ಮಾಡ್ರಿ."

ಅದು ಹೈದರಾಬಾದಿನ ಒಂದು ಸ್ಟುಡಿಯೋದಿಂದ ತಂದ ಹಳೆಯ ಜಪಾನಿ ವಾದ್ಯ. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ಆದರೆ ಅದರ ಪುಂಗಿಯ ದನಿಗೆಂದೇ ಜನ ಈ ತಂಡವನ್ನು ಕರೆಯುತ್ತಿದ್ದರು. ಮೊದಲು ಅದರ ಷಡ್ಜ ಹಾರ್ಮೋನಿಯಂ ಜೊತೆ ಚೆನ್ನಾಗಿ ಕೂಡಿತು. ಚಹಾ ಕುಡಿದು ಮತ್ತೆ ನುಡಿಸಿದಾಗ ಮೇಲೇರಿತ್ತು.

ಗಯಾಸುದ್ದೀನ್ ಮುಖ ಒರೆಸಿಕೊಂಡ. "ಬಿಸಿ ಆದಂಗ ಏರಾಕತ್ತದ! ಹೋದ್ ವರ್ಷಾನೇ ರಿಪೇರಿ ಮಾಡಿಸೀನಲ್ರಿ ಜಯಮಾಲಾಬಾಯಿ."

"ಅದು ಏರಿದ್ರ ನಮ್ಮ ದನಿ ಇಳಿದಂಗ ಕೇಳ್ತದ. ಮತ್ತೊಮ್ಮೆ ಮಾಡಿಸ್ರಿ. ನಾನೂ ಬರ್ತೀನಿ. ಕಿವಿ ಬೇಕಾಗ್ತದ."

ಹುಮನಾಬಾದಿನ ಬಸ್ ನಿಲ್ದಾಣದ ಬಳಿ ಮೀನಾಜ್ ತನ್ನ ಅಬ್ಬಾನ ರೇಡಿಯೋ ಅಂಗಡಿ ನಡೆಸುತ್ತಿದ್ದಳು. ಇಂಥ ವಾದ್ಯವನ್ನು ಅವಳು ಹಿಂದೆಂದೂ ಬಿಚ್ಚಿರಲಿಲ್ಲ. ಆದರೂ ತಿರುಪುಗಳನ್ನು ತೆಗೆಯುವಾಗ ಅವಳ ಕೈ ತಡವರಿಸಲಿಲ್ಲ.

"ಬಿಸಿಗೆ ಕೆಡ್ತದಂದ್ರ ತಂಪು ಹಚ್ಚಿ ಹುಡುಕೋಣ್ರಿ," ಎಂದಳು.

ಗಯಾಸುದ್ದೀನ್ ಸಿಂಥಸೈಜರಿನ ಷಡ್ಜದ ಕೀಯನ್ನು ಒತ್ತಿ ಹಿಡಿದ. ಜಯಮಾಲಾ ಹಾರ್ಮೋನಿಯಂನ ಷಡ್ಜ ಹಿಡಿದು ಕಣ್ಣು ಮುಚ್ಚಿದಳು. ಮೀನಾಜ್ ಕಡ್ಡಿಗೆ ಹತ್ತಿ ಸುತ್ತಿ, ತಣ್ಣನೆಯ ಸ್ಪಿರಿಟ್‌ನಲ್ಲಿ ಅದ್ದಿ, ಒಳಗಿನ ಒಂದೊಂದೇ ಭಾಗಕ್ಕೆ ತಾಗಿಸುತ್ತ ಹೋದಳು. ಏನೂ ಬದಲಾಗಲಿಲ್ಲ. ಮತ್ತೆ ಅದ್ದಿದಳು, ಮತ್ತೆ ತಾಗಿಸಿದಳು.

"ಇಳೀತು! ಅಲ್ಲೇ ಹಿಡಿ ತಂಗಿ!" ಎಂದಳು ಜಯಮಾಲಾ.

ಮೀನಾಜ್ ಬಗ್ಗಿ ನೋಡಿದಳು. "ಈ ಎರಡು ಟ್ರಾನ್ಸಿಸ್ಟರ್ ಜೋಡೆತ್ತಿನಂಗ ಕೂಡೇ ನಡೀಬೇಕ್ರಿ ಅಕ್ಕಾ. ಒಂದು ಹಳೀದದ, ಇನ್ನೊಂದು ಯಾರೋ ಬ್ಯಾರೇದು ಹಾಕ್ಯಾರ. ಹ್ಯಾಂಗ ಹೊಂದ್ತಾವ?"

ಅವಳು ಟ್ರಾನ್ಸಿಸ್ಟರುಗಳ ಡಬ್ಬಿ ಸುರುವಿ, ಮೀಟರಿನಲ್ಲಿ ಒಂದೊಂದಾಗಿ ಅಳೆದು, ತದ್ರೂಪಿ ಜೋಡಿಯೊಂದನ್ನು ಆರಿಸಿದಳು. ಎರಡೂ ಒಟ್ಟಿಗೆ ಕಾಯಲಿ, ಒಟ್ಟಿಗೆ ಆರಲಿ ಎಂದು ಬೆನ್ನಿಗೆ ಬೆನ್ನು ಅಂಟಿಸಿ ಬೆಸುಗೆ ಹಾಕಿದಳು. ಆಮೇಲೆ ಜಯಮಾಲಾ "ಇನ್ನಷ್ಟು... ಸಾಕು" ಎನ್ನುತ್ತಿದ್ದಂತೆ ಮೀನಾಜ್ ಪುಟ್ಟ ತಿರುಪನ್ನು ತಿರುಗಿಸಿ ಸ್ವರ ಕೂಡಿಸಿದಳು. ಊಟ ಮುಗಿಸಿ ಬಂದಾಗಲೂ ಷಡ್ಜ ಅಲ್ಲಾಡಿರಲಿಲ್ಲ.

"ಗಂಟಲ ಬದಲು ಮಷೀನಿನ ಮ್ಯಾಲ ಶಕ್ ಮಾಡಬೇಕಿತ್ತು. ಮಾಫ್ ಮಾಡ್ರಿ," ಎಂದ ಗಯಾಸುದ್ದೀನ್. "ಕೊಹಿನೂರ ಊರಿನ ಮದುವ್ಯಾಗ ಎಲ್ಲಾ ಹಾಡು ನೀವೇ ಹಾಡ್ರಿ."

"ಎಲ್ಲಾ ಬ್ಯಾಡ್ರಿ. ಪೂನಂಗೂ ಇದೇ ಮಾತು ಬರ್ತಿತ್ತು. ಅರ್ಧ ಅಕಿ ಹಾಡ್ಲಿ. ಕಡೀ ಹಾಡು ಮಾತ್ರ ನಂದು."

ಕೊಹಿನೂರದಲ್ಲಿ ಮಟಮಟ ಮಧ್ಯಾಹ್ನ, ಕಾದ ತಗಡಿನ ಚಪ್ಪರದಡಿ, ಪುಂಗಿಯ ದನಿ ಎದ್ದಿತು. ಜಯಮಾಲಾ ಅದರ ಪಕ್ಕದಲ್ಲೇ ನಿಂತು ತಾರಷಡ್ಜಕ್ಕೆ ಏರಿ, ಉಸಿರು ಇರುವಷ್ಟು ಹೊತ್ತು ಅಲ್ಲೇ ನಿಂತಳು. ಬೀಗರು ಊಟದ ಎಲೆ ಬಿಟ್ಟು ಎದ್ದು ಬಂದರು.