ಇನ್ನೊಂದ್ಸಲ

ಬೀಗ ಜಗ್ಗಿ ನೋಡಿ ಮೂರು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಬಂದು ಜಗ್ಗಿದಳು. ಕೆಳಗೆ ಬೀದಿಯಲ್ಲಿ ಗಂಡನ ಶವ ಏರಿಸಿಕೊಂಡ ವ್ಯಾನು ಗುರುಗುಟ್ಟುತ್ತ ನಿಂತಿತ್ತು. ಬಸ್ ಡಿಪೋದಿಂದ ಬಂದ ಅವನ ಜೊತೆಗಾರರು ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ಕಾಯುತ್ತಿದ್ದರು.

"ನಮ್ಮ ಇನ್ನೊಂದ್ಸಲನ ಚಾಳಿ ಹೆಂಡ್ತಿಗೂ ಅಂಟ್ಕೊಂಡಿದೆ ನೋಡು" ಅಂದ ಅವರಲ್ಲೊಬ್ಬ ಮೆಕ್ಯಾನಿಕ್ಕು. ಪಕ್ಕದವರನ್ನು ನಗಿಸಲು ಹೊರಟವನು ತಾನೇ ಅತ್ತುಬಿಟ್ಟ.

'ಇನ್ನೊಂದ್ಸಲ' ಡಿಪೋದವರು ಅವನಿಗಿಟ್ಟ ಅಡ್ಡಹೆಸರು. ಬಸ್ಸು ಹೊರಡುವ ಮುನ್ನ ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡುವುದು ಅವನ ಕೆಲಸ. ನೋಡಿ ಆದಮೇಲೂ "ತಡಿ, ಇನ್ನೊಂದ್ಸಲ ನೋಡ್ತೀನಿ" ಅನ್ನುತ್ತಿದ್ದ. ಡಿಪೋದಲ್ಲಿ ಆ ಗುಣಕ್ಕೆ ಬೆಲೆಯಿತ್ತು. ಮನೆಯಲ್ಲಿ ಅದು ಹೆಂಡತಿಯ ಜೀವ ತಿನ್ನುತ್ತಿತ್ತು. ಗ್ಯಾಸು, ನಲ್ಲಿ, ಕಿಟಕಿ, ಕೊನೆಗೆ ಬೀಗ. ಬೀದಿಯ ತಿರುವಿಗೆ ಹೋದವನು ಹಿಂದಿರುಗಿ ಬಂದು ಜಗ್ಗುತ್ತಿದ್ದ. ಹಾಗಾಗಿ ಮದುವೆಯಾಗಿ ಎಷ್ಟೋ ವರ್ಷ ಇಬ್ಬರೂ ಯಾವ ಸಿನಿಮಾದ ಆರಂಭವನ್ನೂ ನೋಡಿರಲಿಲ್ಲ.

*

ಅವನಿಗೆ ಐವತ್ತು ತುಂಬಿದ ವರ್ಷ, ಥಿಯೇಟರಿನ ಕತ್ತಲಲ್ಲಿ ಅವಳು ಕೇಳಿದಳು: "ಈಗ ಸತ್ತೋದ್ನಲ್ಲ, ಅವ್ನು ಯಾರ್ರೀ?" ಅವನಿಗೂ ಗೊತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವನೇ ಮಾತು ತೆಗೆದ. "ಡಿಪೋದಲ್ಲಿ ನಟ್ಟು ನೋಡೋದು ಕೆಲ್ಸ. ಮನೇಲೂ ಅದೇ ಆದ್ರೆ ಬದುಕೋದು ಯಾವಾಗ? ಇನ್ಮೇಲೆ ಬೀಗ ನೀನೇ ಹಾಕು. 'ಹಾಕಿದೆ, ನಡೀರಿ' ಅನ್ನು ಸಾಕು. ತಿರುಗಿ ನೋಡದೆ ನಡೀತೀನಿ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಅವಳು ನಕ್ಕಿದ್ದಳು.

ಆದರೆ ಹೋಯಿತು. ಮೊದಮೊದಲು ಮೆಟ್ಟಿಲಿಳಿಯುವಾಗ ಬೆವರುತ್ತಿದ್ದ. "ಬೆರಳು ತುರಿಸ್ತವೆ ಕಣೆ" ಅನ್ನುತ್ತಿದ್ದ. ಅವಳು ಬೆನ್ನಿಗೆ ಕೈಕೊಟ್ಟು, "ಹಾಕಿದೆ, ನಡೀರಿ" ಎಂದು ಮುಂದೆ ದೂಡುತ್ತಿದ್ದಳು. ಬರಬರುತ್ತ ಸಿಳ್ಳೆ ಹಾಕಿಕೊಂಡು ಇಳಿಯತೊಡಗಿದ. ಪರದೆ ಬೆಳಗುವ ಮುಂಚೆಯೇ ಹೋಗಿ ಕೂತು, ಅವಳ ಕೈ ಹಿಡಿದುಕೊಂಡು, ಬರುವ ಹೆಸರುಗಳನ್ನೆಲ್ಲ ಒಂದೂ ಬಿಡದೆ ಓದುತ್ತಿದ್ದ. ಆ ವಯಸ್ಸಿನಲ್ಲಿ ಅವಳಿಗೆ ಹೊಸದಾಗಿ ಗಂಡನೊಬ್ಬ ಸಿಕ್ಕಂತಾಗಿತ್ತು.

ನಿನ್ನೆ ಸಂಜೆಯೂ ಸಿನಿಮಾಕ್ಕೇ ಹೊರಟಿದ್ದರು. ಅವಳು ಬೀಗ ಹಾಕಿ ತಿರುಗುವಷ್ಟರಲ್ಲಿ, ಮುಂದೆ ಇಳಿದಿದ್ದವನು ವಾಪಸು ಹತ್ತಿ ಬಂದು ಬಾಗಿಲಿಗೆ ಕೈಯೂರಿ ನಿಂತ. ಹಣೆಯೆಲ್ಲ ಬೆವರು.

"ಒಂದ್ನಿಮಿಷ ಕಣೆ."

ಹಳೇ ಚಾಳಿ ಮರುಕಳಿಸಿತು ಎಂದುಕೊಂಡಳು. ಬೆನ್ನಿಗೆ ಕೈಕೊಟ್ಟು ಮೆತ್ತಗೆ ದೂಡಿದಳು. "ಹಾಕಿದೆ, ನಡೀರಿ."

ಅವನು ಅವಳ ಮುಖ ನೋಡಿದ. ಕೊಟ್ಟ ಮಾತಿಗೆ ತಪ್ಪುವ ಆಸಾಮಿಯಲ್ಲ. ನಡೆದ. ಮೆಟ್ಟಿಲ ತಿರುವಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಗಂಡನ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ಅವಳು ಇನ್ನೂ ಬೀಗ ಹಿಡಿದೇ ನಿಂತಿದ್ದಳು.

"ಎಷ್ಟು ಸಲ ನೋಡ್ತೀಯಮ್ಮ? ಕೆಳಗೆ ಎಲ್ರೂ ಕಾಯ್ತಿದಾರೆ." ಅವರು ಅವಳ ಬೆನ್ನ ಮೇಲೆ ಕೈಯಿಟ್ಟರು. "ಹಾಕಿದೆ, ನಡಿ."

ಬೆನ್ನಿಗೆ ಬೆಂಕಿ ತಾಗಿದಂತೆ ಅವಳು ಸರಿದು ನಿಂತಳು.

"ಹಾಗನ್ಬೇಡಿ ಅಕ್ಕ."

"ನಾನೇನಂದೆ ಈಗ?"

ಅವಳು ಬೀಗ ಬಿಟ್ಟು, ನಿನ್ನೆ ಅವನು ಕೈಯೂರಿದ್ದ ಜಾಗದಲ್ಲಿ ತನ್ನ ಅಂಗೈ ಒತ್ತಿದಳು. ಆಮೇಲೆ ಕೆಳಗಿನವರಿಗೂ ಕೇಳುವಂತೆ ಹೇಳಿದಳು:

"ಅವರಿಗೆ ಅವಸರ ಮಾಡ್ಬೇಡಿ. ಒಂದ್ನಿಮಿಷ ಬೇಕಂತೆ."

ಮೆಕ್ಯಾನಿಕ್ಕು ವ್ಯಾನಿನ ಡ್ರೈವರನ ಕಡೆ ನೋಡಿದ. ಡ್ರೈವರು ಕೈಚಾಚಿ ಎಂಜಿನ್ ಆರಿಸಿದ.