ಅಂಚಿಲ್ಲದ ಸೀರೆ

ವೀರಭದ್ರಯ್ಯನವರಿಗೆ ಚಿತ್ರ ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಗರ್ತಪೇಟೆಯಲ್ಲಿ ಆಯುಷ್ಯವಿಡೀ ಸೀರೆ ಮಾರಿದವರು. ಈಗ ಅಂಗಡಿಯನ್ನು ಮಗನಿಗೆ ಬಿಟ್ಟು, ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ನಮ್ಮನೆಗೆ ಬಂದು ಬಣ್ಣದ ಡಬ್ಬಿ ಬಿಚ್ಚಿಕೊಂಡು ಕೂರುತ್ತಾರೆ. ಅವರಿಗೆ ಬೇಕಾದದ್ದು ಒಂದೇ ಚಿತ್ರ. ಲಾಲ್‌ಬಾಗ್ ಕೆರೆ, ದಂಡೆಯ ಕಲ್ಲುಬೆಂಚಿನ ಮೇಲೆ ಅವರ ಹೆಂಡತಿ ದಾಕ್ಷಾಯಣಮ್ಮ. ಆಕೆಯ ದೃಷ್ಟಿ ಹೋಗುತ್ತಿದೆ, ಆಪರೇಷನ್ನಿಗೂ ಬಗ್ಗದ ಕಾಯಿಲೆ. ಪೂರ್ತಿ ಹೋಗುವುದರೊಳಗೆ ಆಕೆ ಇದರಲ್ಲಿ ತನ್ನನ್ನು ನೋಡಿಕೊಳ್ಳಬೇಕು, ಅಷ್ಟೇ.

ಚಿತ್ರವೋ, ಥೇಟ್ ಅವರ ಅಂಗಡಿ. ಆಚೆ ದಡದ ಮರವೂ ಕಡುಹಸಿರು, ಈಚೆ ದಡದ ಮರವೂ ಕಡುಹಸಿರು. ನೀರು ಕಡುನೀಲಿ. ನಟ್ಟನಡುವೆ ನೇರಳೆ ಸೀರೆಯಲ್ಲಿ ದಾಕ್ಷಾಯಣಮ್ಮ, ಸ್ಟುಡಿಯೋ ಫೋಟೋಗೆ ಕೂತ ಹಾಗೆ.

"ಹಿಂದಿರೋದು ಹಿಂದೇನೇ ಇರ್ಲಿ ಸ್ವಾಮಿ. ತೆಳುವಾಗಿ ಬಳೀರಿ," ಎಂದೆ.

"ಹಿಂದಿಟ್ರೆ ಗಿರಾಕಿ ಕಣ್ಣಿಗೆ ಬೀಳಲ್ವಲ್ಲ ಮೇಡಂ?"

ನನಗೆ ರೇಗಿತು. "ಕಣ್ಣು ಅರ್ಧ ಮುಚ್ಚಿ ನೋಡಿ. ಏನ್ ಕಾಣ್ತಿದೆ?"

ಅವರು ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು. "ಎಲ್ಲಾ ಒಂದೇ ಮುದ್ದೆ ಆಗೋಯ್ತು. ಇವಳು ಎಲ್ಲಿದಾಳೆ ಅಂತಾನೇ ಗೊತ್ತಾಗ್ತಿಲ್ಲ." ಆಮೇಲೆ ಮೆಲ್ಲಗೆ, "ಅವಳಿಗೆ ದಿನಾ ಹೀಗೇನಾ ಮೇಡಂ ಕಾಣೋದು?" ಎಂದರು.

ಅಯ್ಯೋ, ಯಾಕಾದರೂ ರೇಗಿದೆನೋ! ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದೆ.

ಹೊಸ ಹಾಳೆ ತೆಗೆದೆವು. ಆಚೆ ದಡದ ಮರಗಳನ್ನು ತೆಳು ಬೂದುಬಣ್ಣದಲ್ಲಿ ಮುಗಿಸಿದೆವು. ನೀರನ್ನು ಹಾಳೆಯ ಬಿಳುಪಿಗೇ ಬಿಟ್ಟೆವು. ದಾಕ್ಷಾಯಣಮ್ಮನವರನ್ನು ನಡುವಿನಿಂದ ಎಡಕ್ಕೆ ಸರಿಸಿ, ಆ ಬಿಳಿ ನೀರಿನೆದುರು ದಟ್ಟ ನೇರಳೆಯಲ್ಲಿ ಕೂರಿಸಿದೆವು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಈ ಮಹಾರಾಯರು ಸಣ್ಣ ಕುಂಚ ಹಿಡಿದು ಸೀರೆಗೆ ಜರಿಯಂಚು ಬರೆಯಲು ಹೊರಟರು.

"ಬೇಡ! ಹೊಳೆಯೋ ಅಂಚು ಬಂದ್ರೆ ಅವ್ರು ನೀರಲ್ಲಿ ಕರಗೋಗ್ತಾರೆ."

"ಊರೋರಿಗೆಲ್ಲ ಜರಿ ಸೀರೆ ಉಡಿಸ್ದೋನು ನಾನು. ನನ್ ಹೆಂಡ್ತಿಗೆ ಅಂಚಿಲ್ಲದ ಸೀರೆನಾ?"

ಕೊನೆಗೆ ಕುಂಚ ಕೆಳಗಿಟ್ಟರು. ಪಾಪ, ಅದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಮುಂದಿನ ಭಾನುವಾರ ಹೆಂಡತಿಯನ್ನು ಕೈಹಿಡಿದು ಕರೆತಂದರು. ದಾಕ್ಷಾಯಣಮ್ಮ ಚಿತ್ರದ ಹತ್ತಿರ ಮುಖ ತಂದರು, ಹಿಂದೆ ಸರಿದರು, ಕತ್ತು ವಾರೆ ಮಾಡಿದರು.

"ಕೆರೆ ಹತ್ರ ಕೂತಿರೋದು... ನಾನಲ್ವೇನ್ರೀ?"

"ಹೂಂ ಕಣೇ, ನೀನೇ. ಅಂಚು ಬರೀಲಿಲ್ಲ, ಬೇಜಾರ್ ಮಾಡ್ಕೋಬೇಡ."

"ಅಂಚು ಯಾರಿಗ್ರೀ ಬೇಕು? ಪಕ್ಕದಲ್ಲಿ ಯಾರೂ ಇಲ್ವಲ್ಲ, ನೀವೆಲ್ಲಿ?"

"ನಾನು ಅಂಗಡೀಲಿದ್ದೆ ಕಣೇ. ನಿನ್ ಜೊತೆ ಅಲ್ಲಿಗೆ ಯಾವತ್ತು ಬಂದಿದೀನಿ?"

"ಈಗ ಪುರುಸೊತ್ತಿದೆಯಲ್ಲ. ಬಂದು ಕೂತ್ಕೊಳ್ಳಿ."

ಅವರು ನನ್ನ ಮುಖ ನೋಡಿದರು. ಆ ಬಿಳಿ ಜಾಗದಲ್ಲಿ ಇನ್ನೇನೂ ತುಂಬಕೂಡದೆಂದು ಅವರ ತಲೆ ತಿಂದಿದ್ದವಳು ನಾನೇ. ಅದೇ ದಟ್ಟ ಬಣ್ಣ ಕಲಸಿ ಕುಂಚವನ್ನು ಅವರ ಕೈಗೆ ಕೊಟ್ಟೆ.

"ಒತ್ಕೊಂಡೇ ಕೂತ್ಕೊಳ್ಳಿ," ಎಂದೆ. "ಮಧ್ಯೆ ಜಾಗ ಬಿಡ್ಬೇಡಿ."