ಹಗ್ಗದ ಮೇಲೆ ಒಣಗಿದ ಫ್ಲಾಪಿ

ಅಂಗಿಯ ಪಕ್ಕದಲ್ಲಿ ಒಂದು ಕಪ್ಪು ಚೌಕ ತೂಗುತ್ತಿದೆ, ಅದಕ್ಕೆ ಎರಡು ಕ್ಲಿಪ್ಪು, ಗಾಳಿ ಬೀಸಿದಾಗ ಅಂಗಿಯ ತೋಳು ಹೋಗಿ ಅದಕ್ಕೆ ಬಡಿಯುತ್ತದೆ, ಹಿತ್ತಲ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಾ ನೋಡುತ್ತಿದ್ದೇನೆ, ಫ್ಲಾಪಿ, ಒಗೆದು ಒಣಹಾಕಿದ ಫ್ಲಾಪಿ — ಅತ್ತೆ, ಇದನ್ನ ಯಾರು ಒಗೆದಿದ್ದು, ನಾನೇ ಕಣವ್ವ, ಆಸ್ಪತ್ರೆಯೋರು ಕೊಟ್ಟ ಕವರಿನಾಗೆ ಪ್ರಶಾಂತನ ಅಂಗಿ ಹಂಗೇ ಇತ್ತು, ಬೆಳಿಗ್ಗೆ ಎದ್ದು ನೆನೆಹಾಕ್ದೆ, ಜೇಬಿನಾಗೆ ಅದು ಸಿಕ್ತು, ನಮ್ಗೆ ಸೂತಕ ಗೀತಕ ಇಲ್ಲ ಖರೆ, ಆದ್ರೂ ಆಸ್ಪತ್ರೆ ವಾಸನೆ ಇರ್ತೈತಲ್ಲ, ಸೋಪಿನ ನೀರಿನಾಗೆ ಅದ್ದಿ ತೆಗೆದು ಒಂದು ಚೂರು ವಿಭೂತಿ ಹಚ್ಚೀನಿ, ಏನಾರ ಆಗ್ತೈತೇನು — ಏನೂ ಆಗಲ್ಲ ಅತ್ತೆ, ಬಾಯಲ್ಲಿ ಪೇಸ್ಟಿನ ನೊರೆ, ಉಗುಳಲು ಮರೆತಿದ್ದೇನೆ, ಲೇಬಲ್ಲಿನ ಶಾಯಿ ಹರಡಿದೆ, ಅದರ ಮೇಲೆ ಮೂರು ಬೆರಳಿನ ಬಿಳಿ ಗೆರೆ. ನಿನ್ನೆಗೆ ಎಲ್ಲ ಮುಗಿಯಿತು, ಗಣಾರಾಧನೆ, ಊಟ, ಬಾಡಿಗೆ ಪಾತ್ರೆ ವಾಪಸು, ನೆಂಟರೂ ಹೋದರು, ಬಾಗಿಲಲ್ಲಿ ಚಪ್ಪಲಿ ಎಡವುವುದಿಲ್ಲ, ಹಾಲಿನವನು ಬಂದು ಎಂದಿನಂತೆ ಒಂದು ಲೀಟರ್ ಹೊಯ್ದ, ಅರ್ಧ ಸಾಕು ಅನ್ನಬೇಕಿತ್ತು, ಪಾತ್ರೆ ಹಿಡಿದುಕೊಂಡೇ ಇದ್ದೆ. ಫ್ಲಾಪಿ ಶಬ್ಬೀರನದು, ಲ್ಯಾಪ್‌ಟಾಪೂ ಶಬ್ಬೀರನದೇ, ಹರಿಹರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಶಬ್ಬೀರ್, ಪ್ರಶಾಂತನ ಜೊತೆ ಡಿಪ್ಲೊಮಾ ಓದಿದವನು, ಲ್ಯಾಪ್‌ಟಾಪನ್ನು ಅವನ ತಮ್ಮ ಹಮ್ಜಾ ದುಬೈನಿಂದ ತಂದದ್ದು, ಪ್ರಶಾಂತ ಕೆಲವು ದಿನಕ್ಕೆಂದು ಶಬ್ಬೀರನಿಂದ ಕೇಳಿ ತಂದದ್ದು, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಲು ಕಲಿತರೆ ಊರ ಹೊರಗಿನ ಕರೂರಿನ ಫ್ಯಾಕ್ಟರಿಯಲ್ಲಿ ಮಷೀನ್ ಬಿಟ್ಟು ಡಿಸೈನ್ ಕೋಣೆಗೆ ಹೋಗಬಹುದು, ಅಲ್ಲಿ ಫ್ಯಾನ್ ಐತೆ ವಾಣಿ, ಕುರ್ಚಿ ಐತೆ. ಏಪ್ರಿಲ್ ಕೊನೆಯಲ್ಲಿ ಊರಿನ ಕಂಪ್ಯೂಟರಿಗೆಲ್ಲ ಹಬ್ಬಿದ ವೈರಸ್ ಈ ಲ್ಯಾಪ್‌ಟಾಪಿಗೂ ಬಂತು, ಪ್ರಶಾಂತ ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕಿದ, ಪರದೆ ಹದಿನಾರೇ ಬಣ್ಣದಲ್ಲಿ ಎದ್ದಿತು, ಮೌಸ್ ಅಲ್ಲಾಡಲಿಲ್ಲ, ಒಂದೊಂದಕ್ಕೂ ಅದರದರ ಡ್ರೈವರ್ ಹುಡುಕಿ ಹಾಕುತ್ತಾ ಹೋದ, ಪರದೆ ಬಂತು, ಮೋಡೆಮ್ ಬಂತು, ಶಬ್ದ ಬರಲಿಲ್ಲ, ಪಟ್ಟಿಯಲ್ಲಿ ಅದರ ಎದುರು ಹಳದಿ ಪ್ರಶ್ನಾರ್ಥಕ ಚಿಹ್ನೆ. ಶಬ್ದದ ಕಾರ್ಡು ಒಳಗೇ ಐತೆ ಕಣೆ, ವಿಂಡೋಸಿಗೆ ಅದರ ಪರಿಚಯ ಇಲ್ಲ ಅಷ್ಟೇ, ಡ್ರೈವರ್ ಅಂದ್ರೆ ಹೆಣ್ಣು ಗಂಡು ತೋರ್ಸೋ ದಲ್ಲಾಳಿ ಇದ್ದಂಗೆ — ನಮ್ಮ ದಲ್ಲಾಳಿ ಯಾರು ಅಂದೆ, ನಿಮ್ಮ ಸೋದರಮಾವ, ಅವನ್ನ ಫಾರ್ಮ್ಯಾಟ್ ಮಾಡ್ಬೇಕು. ನಕ್ಕಿದ್ದೆ. ದಾವಣಗೆರೆಯ ಯಾವ ಅಂಗಡಿಯಲ್ಲೂ ಆ ಡ್ರೈವರ್ ಸಿಗದೆ ಹಮ್ಜಾ ದುಬೈನಿಂದ ಅಂಚೆಯಲ್ಲಿ ಕಳಿಸಿದ, ಒಂದೇ ಫ್ಲಾಪಿ, ಅದನ್ನು ತರಲು ಹರಿಹರಕ್ಕೆ ಬೈಕಿನಲ್ಲಿ ಹೋಗಿದ್ದ, ವಾಪಸು ಬರುವಾಗ ಲಾರಿ.

ಬಾಯಿ ತೊಳೆದುಕೊಂಡೆ. ಸೋಪು, ಬೂದಿ, ನಲ್ಲಿಯ ಗಡಸು ನೀರು, ಒಣಗಿದ ಮೇಲೆ ಉಪ್ಪು ಕೂರುತ್ತದೆ, ಹಾಗೇ ಲ್ಯಾಪ್‌ಟಾಪಿನ ಡ್ರೈವಿಗೆ ಹಾಕಿದರೆ ಅದನ್ನು ಓದುವ ಹೆಡ್ಡೂ ಹಾಳು, ಎಂ.ಎಸ್ಸಿ. ಕೆಮಿಸ್ಟ್ರಿ ಓದಿದ್ದಕ್ಕೆ ಇಷ್ಟಾದರೂ ಗೊತ್ತು, ಅಡುಗೆಮನೆ ಕಟ್ಟೆಯ ಮೇಲೆ ಹಾಳೆ ಹಾಸಿ ಬ್ಲೇಡಿನಿಂದ ಮೂಲೆ ಬಿಡಿಸುತ್ತಿದ್ದೇನೆ, ಚಟ್ ಎಂದು ಬಾಯಿ ಬಿಟ್ಟಿತು, ಒಳಗೆ ಕಂದು ಬಣ್ಣದ ಹಾಳೆಯಂಥ ವೃತ್ತ, ನಡುವೆ ಲೋಹದ ಬಿಲ್ಲೆ, ಬಿಲ್ಲೆಯನ್ನು ಮಾತ್ರ ಹಿಡಿದು ಬೈಕಿನ ಬ್ಯಾಟರಿಗೆಂದು ತಂದಿಟ್ಟ ಡಿಸ್ಟಿಲ್ಡ್ ವಾಟರ್ ಸುರಿಯುತ್ತೇನೆ, ಬೈಕು ಪೊಲೀಸ್ ಠಾಣೆಯಲ್ಲಿದೆ, ನೀರು ಇಲ್ಲಿದೆ, ಒರೆಸಬಾರದು, ಫ್ಯಾನಿನ ಕೆಳಗೆ ತಾನಾಗಿ ಆರಬೇಕು. ಏನು ಮಾಡ್ತೀಯ ವಾಣಿ, ತೊಳೀತಿದೀನಿ ಅತ್ತೆ, ನಾನು ತೊಳ್ದಿದ್ದು ಸಾಲ್ಲಿಲ್ಲೇನು. ಆರಿದ ಮೇಲೆ ಹಾಕಲು ಒಳ್ಳೆಯ ಕವಚ ಬೇಕು, ಹಳೆಯದರೊಳಗಿನ ಬಟ್ಟೆಯ ಪದರ ಸೋಪು ಕುಡಿದು ಅಂಟಾಗಿದೆ, ಮನೆಯಲ್ಲಿರುವುದು ಇನ್ನೊಂದೇ ಫ್ಲಾಪಿ, ಲೇಬಲ್ಲಿನಲ್ಲಿ ಪ್ರಶಾಂತನ ಅಕ್ಷರ, ಪಂಪಿನ ಡ್ರಾಯಿಂಗ್, ವೈರಸ್ಸಿಗೆ ಸಿಗದೆ ಉಳಿದ ಒಂದೇ ಒಂದು, ಕೈ ನಿಂತಿತು, ಇಲ್ಲ, ನಿಲ್ಲಲಿಲ್ಲ, ಬ್ಲೇಡು ಆಗಲೇ ಮೂಲೆಯಲ್ಲಿದೆ, ಅದರ ಹಾಳೆಯನ್ನು ಹೊರತೆಗೆದು ನನ್ನ ಫಿಸಿಕಲ್ ಕೆಮಿಸ್ಟ್ರಿ ಪುಸ್ತಕದ ನಡುವೆ ಇಟ್ಟೆ, ಬೆತ್ತಲೆ ಹಾಳೆ, ಬೆರಳ ಗುರುತು ಬಿದ್ದರೆ ಹೋಯಿತು, ಬಿದ್ದಿರಬಹುದು. ಹಮ್ಜಾನ ಹಾಳೆ ಪ್ರಶಾಂತನ ಕವಚದೊಳಗೆ ಕೂತಿತು, ಅಂಚಿಗೆ ಗಮ್ ಟೇಪು, ಡ್ರೈವಿನೊಳಗೆ ಗರ್ ಗರ್, ಓದಲಾಗುತ್ತಿಲ್ಲ ಎಂದು ಪರದೆ ಹೇಳುತ್ತದೆ, ಮತ್ತೆ ಪ್ರಯತ್ನಿಸು, ಗರ್, ಮತ್ತೆ ಪ್ರಯತ್ನಿಸು, ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ಹೊನ್ನಕ್ಕ, ಏನ್ರಿ ಶಕುಂತಲಮ್ಮ, ಸೊಸಿ ಆಗಲೇ ಕಂಪ್ಯೂಟರ್ ಮುಂದೆ ಕೂತಾಳೆ, ಅತ್ತೆ ಅನ್ನುತ್ತಾರೆ, ನಿನ್ನ ಮುಂದೆ ಕೂರೋಕಿಂತ ವಾಸಿ ಬಿಡೇ ಹೊನ್ನಕ್ಕ, ಸತ್ತೋನು ಇಸ್ಕೊಂಡಿದ್ದ ವಸ್ತು, ಕೆಡಿಸಿ ಕೊಟ್ಟ ಅನ್ನಿಸ್ಕೋಬಾರದು ನನ್ನ ಮಗ — ಅತ್ತೆಗೆ ಎಲ್ಲ ಗೊತ್ತಿದೆ ಹಾಗಾದರೆ, ನನಗೇ ಗೊತ್ತಿರಲಿಲ್ಲ ನಾನು ಯಾಕೆ ಇದನ್ನು ಮಾಡುತ್ತಿದ್ದೇನೆಂದು, ಕೆಡಿಸಿ ಕೊಟ್ಟ ಅನ್ನಬಾರದು, ಅರ್ಧಕ್ಕೆ ಬಿಟ್ಟ ಅನ್ನಬಾರದು, ಮತ್ತೆ ಪ್ರಯತ್ನಿಸು, ಮತ್ತೆ, ಗರ್ ಎನ್ನುವುದು ನಿಂತು ಒಂದು ನೀಲಿ ಪಟ್ಟಿ ನಿಧಾನ ತುಂಬತೊಡಗಿತು, ತುಂಬಬೇಡ ಅನಿಸಿತು, ತುಂಬಿದರೆ ಇವತ್ತೇ ಕೊಟ್ಟುಬರಬೇಕು, ನಾಳೆ ಬೆಳಿಗ್ಗೆ ಏಳಲು ಏನಿದೆ, ತುಂಬಿತು. ಯಂತ್ರ ಆರಿ ಮತ್ತೆ ಹೊತ್ತಿಕೊಂಡು ವಿಂಡೋಸಿನ ಆ ಸಂಗೀತ, ಇಡೀ ಮನೆಗೆ, ಎಷ್ಟು ಜೋರಾಗಿಟ್ಟಿದ್ದನೋ, ಒಳಗಿನಿಂದ ಅತ್ತೆ ಸೌಟು ಹಿಡಿದೇ ಬಂದರು, ಬಂದ್ನೇನೇ — ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು, ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು, ಇಬ್ಬರೂ ಒರೆಸಲಿಲ್ಲ.

ಬಸ್ಸಿನಲ್ಲಿ ಬಲಕ್ಕೆ ಕೂತೆ, ಲಾರಿ ಗುದ್ದಿದ ಜಾಗ ಎಡಕ್ಕೋ ಬಲಕ್ಕೋ ಕೇಳಿಕೊಂಡಿರಲಿಲ್ಲ, ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲೆ ಬಿಸಿಯಾಗಿದೆ, ಬಿಸಿಲಿಗೋ ಏನೋ, ಪ್ರಶಾಂತನನ್ನು ಮಣ್ಣಿನೊಳಗೆ ಕೂರಿಸಿ ಎಡ ಅಂಗೈಯಲ್ಲಿ ಲಿಂಗ ಇಟ್ಟಾಗ ಬೆರಳು ಮಡಚಲಿಲ್ಲ, ಅಯ್ಯನವರು ದಾರ ಸುತ್ತಿದರು, ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು ಒತ್ತಿದರು — ಟಿಕೆಟ್ ಟಿಕೆಟ್, ಎಲ್ಲಿಗವ್ವ, ಹರಿಹರ. ಶಬ್ಬೀರನ ಮನೆಬಾಗಿಲು, ಬರ್ರಿ ಭಾಭಿ, ಕೂಡ್ರಿ, ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ರಿ, ಶಬ್ಬೀರನ ಗಡ್ಡ ಬೆಳೆದಿದೆ, ನನ್ನನ್ನು ನೋಡುವುದಿಲ್ಲ, ಚೀಲ ನೋಡುತ್ತಾನೆ, ಅವತ್ತು ಊಟ ಮಾಡ್ಕೊಂಡು ಹೋಗೋ ಅಂದೆ ಭಾಭಿ, ಇಲ್ಲೋ, ಇವತ್ತೇ ಶಬ್ದ ಬರ್ಸಿ ನಿಮ್ಮ ಅಮ್ಮೀಗೆ ಹಮ್ಜಾನ ದನಿ ಕೇಳಿಸ್ಬೇಕು ಅಂದ, ಶಬ್ಬೀರ್ ನನ್ನ ಕೈಯಿಂದ ಫ್ಲಾಪಿ ತೆಗೆದುಕೊಂಡ, ತಿರುಗಿಸಿ ನೋಡಿದ, ಇದು ನಮ್ದಲ್ಲ, ಪ್ರಶಾಂತನ ಅಕ್ಷರ ಐತೆ, ಒಳಗಿರೋದು ನಿಮ್ದೇ ಅಂದೆ, ಅವನು ಜೇಬಿಗೆ ಹಾಕಿಕೊಂಡ, ಲ್ಯಾಪ್‌ಟಾಪ್ ಇನ್ನೊಂದಿಷ್ಟು ದಿನ ಇಟ್ಕೊಳ್ರಿ ಬೇಕಾದ್ರೆ, ಬ್ಯಾಡ ಅಂದೆ. ಅವನ ತಾಯಿ ಅಖ್ತರ್ ಬಾನು ಒಂದು ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು, ಹಮ್ಜಾ ತನ್ನ ಮಾತು ತುಂಬಿ ಕಳಿಸಿದ್ದು, ತಿಂಗಳಿಂದ ಕೇಳಲಾಗದೆ ಬಿದ್ದಿದೆ, ಕ್ಯಾಸೆಟ್ ಕಳ್ಸೋ ಅಂದ್ರೆ ಅಮ್ಮೀ ಈಗ ಕ್ಯಾಸೆಟ್ ಯಾರು ಕಳಿಸ್ತಾರೆ ಅಂತಾನವ್ವ, ದೊಡ್ಡ ಮನುಷ್ಯ ಆಗ್ಯಾನೆ. ನಾನೇ ಲ್ಯಾಪ್‌ಟಾಪಿಗೆ ಹಾಕಿದೆ. ಖರಖರ, ಆಮೇಲೆ ಒಂದು ಗಂಡುದನಿ, ಅಮ್ಮೀ, ಖಾನಾ ಖಾಯೇ ಕ್ಯಾ, ಊಟ ಆಯ್ತಾ ಅಂತ ಕೇಳುತ್ತಿದ್ದಾನೆ, ಮುದುಕಿ ಯಂತ್ರಕ್ಕೇ ಉತ್ತರ ಹೇಳಿದರು, ಖಾಯೀ ಬೇಟಾ, ಅಮ್ಮೀ ಅವ್ನಿಗೆ ಕೇಳ್ಸಲ್ಲ ಅಂದ ಶಬ್ಬೀರ್, ಸುಮ್ನಿರೋ, ನಿನಗ್ಯಾರು ಹೇಳಿದ್ರು. ಕಿವಿ ಮಂದವಂತೆ, ಬಾಗಿ ಸ್ಪೀಕರಿನ ತೂತುಗಳ ಮೇಲೆ ಅಂಗೈ ಇಟ್ಟರು, ಮೈಗೆ ತಾಗಲಿ ಎಂದೋ ಏನೋ, ದನಿ ಮುಚ್ಚಿಹೋಯಿತು, ಕೈ ತೆಗೀರಿ ಅಮ್ಮ, ಇನ್ನೂ ಚೆನ್ನಾಗಿ ಕೇಳ್ತೈತೆ ಎಂದು ಹೇಳಬೇಕು, ಹೇಳುತ್ತೇನೆ, ಈಗ ಹೇಳುತ್ತೇನೆ, ಮೆಹಂದಿ ಮಾಸಿದ ಅಂಗೈ, ಅಯ್ಯನವರಂತೆ ಒತ್ತಿ ಇಟ್ಟ ಅಂಗೈ, ಅದರ ಅಡಿಯಲ್ಲಿ ಇನ್ನೂ ಮಾತಾಡುತ್ತಲೇ ಇದ್ದಾನೆ, ಒಂದು ಮಾತೂ ತಿಳಿಯುವುದಿಲ್ಲ, ಬೆರಳುಗಳ ನಡುವಿನಿಂದ ಗುಂಯ್ ಎನ್ನುತ್ತಿದೆ, ಅಂಗೈ, ಅದರ ಅಡಿಯಲ್ಲಿ, ಅಂಗೈ —